ದೋಣಿ ಮೋಟಾರಿನ ತುಂಡಾದ ಅರ್ಥ್ ತಂತಿ: ಮಳೆಗಾಲಕ್ಕೆ ಮುನ್ನ ಗಮನಿಸಬೇಕಾದ ಅಂಶಗಳು

2019ರ ಆಗಸ್ಟ್ ತಿಂಗಳಿನಲ್ಲಿ ತುಂಗಾ ನದಿಯ ನೀರು ಶಿವಮೊಗ್ಗ ನಗರದ ಬಡಾವಣೆಗಳಿಗೆ ನುಗ್ಗಿದಾಗ ಜನರನ್ನು ಹೊರತರಲು ದೋಣಿಗಳೇ ಬೇಕಾದವು. ಭದ್ರಾ ಜಲಾಶಯದಿಂದ ಹೆಚ್ಚಿನ ನೀರು ಹರಿಸಿದಾಗ ಭದ್ರಾವತಿಯ ತಗ್ಗು ಪ್ರದೇಶಗಳೂ ಜಲಾವೃತವಾಗುತ್ತವೆ. ಇಂತಹ ಸಮಯದಲ್ಲಿ ನೆರವಾಗುವ ಮೋಟಾರು ದೋಣಿಯು ವರ್ಷದ ಬಹುಭಾಗ ಶೆಡ್ಡಿನಲ್ಲಿಯೇ ಇರುತ್ತದೆ. ತೇವದಿಂದ ತುಕ್ಕು ಹಿಡಿದು, ಕಂಪನದಿಂದ ಸವೆದು ಅದರಲ್ಲಿ ತುಂಡಾಗುವ ಭಾಗಗಳಲ್ಲಿ ಅರ್ಥ್ ತಂತಿಯೂ ಒಂದು.

ಪಂಪ್‌ಹೌಸಿನ ಅರ್ಥಿಂಗ್ ಸದಸ್ಯರಿಗೆ ಪರಿಚಿತವೇ ಆಗಿದೆ. ಅದು ನೆಲಕ್ಕೆ ಇಳಿಯುತ್ತದೆ. ದೋಣಿಯ ಅರ್ಥ್ ತಂತಿ ಹೆಸರಿಗೆ ಮಾತ್ರ ಅರ್ಥ್. ಬ್ಯಾಟರಿಯ ಋಣ ತುದಿಯನ್ನು ಎಂಜಿನ್ನಿನ ಲೋಹದ ಮೈಗೆ ಜೋಡಿಸಿ, ವಿದ್ಯುತ್ತು ಮರಳುವ ದಾರಿಯಾಗುವುದೇ ಅದರ ಕೆಲಸ. ಅದು ಕಡಿದರೆ ಸ್ಟಾರ್ಟರ್ ತಿರುಗದು. ಬ್ಯಾಟರಿ ಕೆಟ್ಟಿದೆಯೆಂದು ಹೊಸದನ್ನು ಖರೀದಿಸಿದರೂ ದೋಷ ಹಾಗೆಯೇ ಉಳಿಯುತ್ತದೆ.

ಇದಕ್ಕಿಂತ ಅಪಾಯಕರವಾದುದು ಸ್ಟಾಪ್ ಸ್ವಿಚ್ಚಿನ ಸಣ್ಣ ಅರ್ಥ್ ತಂತಿ. ಹಗ್ಗ ಎಳೆದು ಚಾಲೂ ಮಾಡುವ ಹೆಚ್ಚಿನ ಮೋಟಾರುಗಳಲ್ಲಿ ಕಿಡಿಯ ವಿದ್ಯುತ್ತನ್ನು ಎಂಜಿನ್ನಿನ ಮೈಗೆ ಹರಿಯಬಿಟ್ಟಾಗ ಮಾತ್ರ ಎಂಜಿನ್ ನಿಲ್ಲುತ್ತದೆ. ಚಾಲಕನ ಕೈಗೆ ಕಟ್ಟುವ ಸುರಕ್ಷತಾ ದಾರವೂ ಇದೇ ಸ್ವಿಚ್ಚನ್ನು ಅವಲಂಬಿಸಿದೆ. ತಂತಿ ತುಂಡಾಗಿದ್ದರೆ ಚಾಲಕ ನೀರಿಗೆ ಬಿದ್ದರೂ ದೋಣಿ ಓಡುತ್ತಲೇ ಇರುತ್ತದೆ. ತಿರುಗುವ ಪ್ರೊಪೆಲ್ಲರ್ ನೀರಿನಲ್ಲಿರುವವರಿಗೇ ಎರಗಬಹುದು. ಆಗ ದೋಣಿಯಲ್ಲಿರುವವರು ಚೋಕ್ ಪೂರ್ತಿ ಎಳೆದು ಎಂಜಿನ್ ನಿಲ್ಲಿಸಬೇಕು.

ತಂತಿ ಬದಲಿಸುವ ಮುನ್ನ ಬ್ಯಾಟರಿಯ ಋಣ ತುದಿಯನ್ನು ಮೊದಲು ಬಿಚ್ಚತಕ್ಕದ್ದು. ಪೆಟ್ರೋಲ್ ಆವಿಯಿರುವ ಕಡೆ ಒಂದು ಕಿಡಿಯೂ ಸಾಕು. ಹೊಸ ತಂತಿಯು ಹಳೆಯದಕ್ಕಿಂತ ತೆಳುವಾಗಿರಕೂಡದು. ತವರ ಲೇಪಿಸಿದ, ಹಲವು ಎಳೆಗಳ ತಾಮ್ರದ್ದಾಗಿರಬೇಕು. ಮನೆ ವೈರಿಂಗಿನ ಒಂಟಿ ಎಳೆಯ ತಂತಿ ಕಂಪನಕ್ಕೆ ಬೇಗ ಮುರಿಯುತ್ತದೆ. ತುಂಡುಗಳನ್ನು ಹೊಸೆದು ಟೇಪು ಸುತ್ತುವುದು ದುರಸ್ತಿಯಲ್ಲ, ದೋಷವನ್ನು ಮುಚ್ಚಿಡುವುದಷ್ಟೆ. ತುದಿಗೆ ಲಗ್ ಒತ್ತಿ ಕೂರಿಸಿ, ಬೋಲ್ಟ್ ಕೂರುವ ಜಾಗದ ಬಣ್ಣ ಮತ್ತು ತುಕ್ಕನ್ನು ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ, ಬಿಗಿದ ನಂತರ ಗ್ರೀಸ್ ಸವರಬೇಕು. ಮೋಟಾರನ್ನು ತಿರುಗಿಸುವಾಗ ಮತ್ತು ಮೇಲಕ್ಕೆತ್ತುವಾಗ ಎಳೆತ ಬೀಳದಂತೆ ತಂತಿಯನ್ನು ತುಸು ಸಡಿಲವಾಗಿ ಬಿಡಬೇಕು. ಬ್ಯಾಟರಿಯ ಋಣ ತುದಿಯನ್ನು ಕೊನೆಯಲ್ಲಿ ಜೋಡಿಸಬೇಕು.

ಈ ಕೆಲಸವನ್ನು ಮೆಕ್ಯಾನಿಕ್ ನಿರ್ವಹಿಸುತ್ತಾರೆ. ಆದರೆ ದುರಸ್ತಿ ಬಿಲ್ಲಿಗೆ ಒಪ್ಪಿಗೆ ನೀಡುವ ಮುನ್ನ ಸದಸ್ಯರು ತಮ್ಮ ಸಮ್ಮುಖದಲ್ಲಿಯೇ ಪರೀಕ್ಷೆ ನಡೆಸುವಂತೆ ಸೂಚಿಸುವುದು ಯುಕ್ತ. ಸ್ಟಾರ್ಟರ್ ತಿರುಗುತ್ತಿರುವಾಗ ಬ್ಯಾಟರಿಯ ಋಣ ತುದಿ ಹಾಗೂ ಎಂಜಿನ್ನಿನ ಮೈಗಳ ನಡುವೆ ಮಲ್ಟಿಮೀಟರ್ ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಜೋಡಣೆ ಸರಿಯಾಗಿಲ್ಲವೆಂದು ತಿಳಿಯಬೇಕು. ನಂತರ ನ್ಯೂಟ್ರಲ್‌ನಲ್ಲಿ ಎಂಜಿನ್ ಓಡುತ್ತಿರುವಾಗ ಸುರಕ್ಷತಾ ದಾರವನ್ನು ಎಳೆಯಬೇಕು. ಎಂಜಿನ್ ಆ ಕ್ಷಣವೇ ನಿಲ್ಲಬೇಕು. ಮೋಟಾರು ಹೊರಗಿನ ನೀರಿನಿಂದಲೇ ತಂಪಾಗುವುದರಿಂದ ಈ ಪರೀಕ್ಷೆಯನ್ನು ಒಣ ನೆಲದ ಮೇಲೆ ನಡೆಸದೆ, ಕೆಳಭಾಗ ಮುಳುಗುವಷ್ಟು ನೀರಿರುವ ದೊಡ್ಡ ಡ್ರಮ್ಮಿನಲ್ಲಿ ಅಥವಾ ಕೆರೆಯಂಚಿನಲ್ಲಿ ನಡೆಸತಕ್ಕದ್ದು.