ಸಾಂಕ್ರಾಮಿಕ ಕಾಲದ ಸರ್ಕಾರಿ ಆದೇಶಗಳು: ಹೋಲಿಸುವುದು ಹೇಗೆ?

2020ರ ರಮಝಾನ್ ನಿಮಗೆ ನೆನಪಿರಬಹುದು. ಮಸೀದಿಯ ಬಾಗಿಲು ಮುಚ್ಚಿತ್ತು, ತರಾವೀಹ್ ನಮಾಝ್ ಮನೆಯಲ್ಲೇ ನಡೆಯಿತು. ಗಲ್ಫ್‌ನಲ್ಲಿದ್ದ ಬಂಧುಗಳು ಊರಿಗೆ ಬರಲಾಗದೆ ಅಲ್ಲೇ ಉಳಿದರು. ಫೋನ್ ಮಾಡಿದಾಗಲೆಲ್ಲ ಒಂದೇ ಮಾತು: "ನಿಮ್ಮಲ್ಲಿ ಏನು ತೆರೆದಿದೆ? ನಮ್ಮಲ್ಲಿ ಇಷ್ಟು ಬಿಗಿ ಯಾಕೆ?" ವಾಟ್ಸ್ಆಪ್‌ನಲ್ಲಿ ಬರುತ್ತಿದ್ದ ಉತ್ತರಗಳಲ್ಲಿ ನಿಜಕ್ಕಿಂತ ವದಂತಿಯೇ ಹೆಚ್ಚಿತ್ತು.

ಇದೇ ಪ್ರಶ್ನೆಯನ್ನು ಲೆಕ್ಕವಿಟ್ಟು ಕೇಳಿದವರೂ ಇದ್ದರು. ಬ್ರಿಟನ್‌ನ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಬ್ಲಾವಟ್ನಿಕ್ ಸ್ಕೂಲ್ ಆಫ್ ಗವರ್ನಮೆಂಟ್ 2020ರ ಮಾರ್ಚ್‌ನಿಂದ ಈ ಕೆಲಸಕ್ಕೆ ಇಳಿಯಿತು. 180ಕ್ಕೂ ಹೆಚ್ಚು ದೇಶಗಳು ದಿನದಿನವೂ ಕೈಗೊಂಡ ಕ್ರಮಗಳನ್ನು ನೂರಾರು ಸ್ವಯಂಸೇವಕರು ಒಂದೇ ಅಳತೆಯಲ್ಲಿ ದಾಖಲಿಸಿದರು.

ಅಂಕ ನೀಡುವ ಕ್ರಮ

ಶಾಲೆ, ಕೆಲಸದ ಸ್ಥಳ, ಜನ ಸೇರುವಿಕೆ, ಬಸ್-ರೈಲು, ವಿದೇಶ ಪ್ರಯಾಣ ಹೀಗೆ ಪ್ರತಿಯೊಂದಕ್ಕೂ ಹಂತಗಳಿವೆ. ಶಾಲೆ ಮುಚ್ಚುವಂತೆ ಸಲಹೆ ನೀಡಿದರೆ 1, ಕೆಲವು ತರಗತಿಗಳನ್ನು ಕಡ್ಡಾಯವಾಗಿ ಮುಚ್ಚಿಸಿದರೆ 2, ಎಲ್ಲವನ್ನೂ ಮುಚ್ಚಿಸಿದರೆ 3. ಜನ ಸೇರುವ ವಿಷಯದಲ್ಲಿ ಕೇಳುವುದು ಎಷ್ಟು ಮಂದಿ ಸೇರಬಹುದು ಎಂದಷ್ಟೆ. ಹತ್ತಕ್ಕಿಂತ ಹೆಚ್ಚು ಜನರಿಗೆ ಅವಕಾಶವಿಲ್ಲದಿದ್ದರೆ ಅತ್ಯಂತ ಬಿಗಿಯಾದ ಹಂತ. ಆ ಅಳತೆಯಲ್ಲಿ ಧರ್ಮದ ಕಾಲಂ ಇಲ್ಲ. ಮದುವೆಯಾಗಲಿ, ಜಾತ್ರೆಯಾಗಲಿ, ಜುಮಾ ಆಗಲಿ, ಸೋಂಕು ನೋಡುವುದು ಜನಸಂದಣಿಯನ್ನು ಮಾತ್ರ. ರೋಗದ ಹೊಣೆಯನ್ನು ಒಂದು ಸಮುದಾಯದ ತಲೆಗೆ ಕಟ್ಟುತ್ತಿದ್ದ ಆ ದಿನಗಳಲ್ಲಿ ಇದು ಸಣ್ಣ ವಿಷಯವಾಗಿರಲಿಲ್ಲ.

ಇಂತಹ ಒಂಬತ್ತು ವಿಷಯಗಳ ಅಂಕಗಳನ್ನು ಸೇರಿಸಿ 0ಯಿಂದ 100ರವರೆಗಿನ ಬಿಗಿತದ ಸೂಚ್ಯಂಕ ರೂಪಿಸಿದರು.

ನೂರು ಅಂಕ ಎಂದರೆ ಉತ್ತಮವೇ?

ಅಲ್ಲ. ತಪ್ಪುವುದು ಇಲ್ಲಿಯೇ. 2020ರ ಮಾರ್ಚ್ 25ರಂದು ಭಾರತವೂ ನ್ಯೂಝಿಲೆಂಡ್ ಕೂಡ ದೇಶವ್ಯಾಪಿ ಲಾಕ್‌ಡೌನ್ ಆರಂಭಿಸಿದವು. ಭಾರತದ ಸೂಚ್ಯಂಕ 100 ಮುಟ್ಟಿತು, ನ್ಯೂಝಿಲೆಂಡ್‌ನದು 90 ದಾಟಿತು. ಜೂನ್ 8ರ ಹೊತ್ತಿಗೆ ನ್ಯೂಝಿಲೆಂಡ್‌ನಲ್ಲಿ ಒಬ್ಬ ಸೋಂಕಿತರೂ ಉಳಿದಿರಲಿಲ್ಲ. ಅದೇ ದಿನ ನಮ್ಮಲ್ಲಿ ಆರಾಧನಾಲಯಗಳು ಮತ್ತೆ ತೆರೆದಾಗ ಒಟ್ಟು ಸೋಂಕಿತರ ಸಂಖ್ಯೆ ಎರಡೂವರೆ ಲಕ್ಷ ಮೀರಿತ್ತು.

ಹೆಚ್ಚುಕಡಿಮೆ ಒಂದೇ ಅಂಕ, ಫಲ ಬೇರೆ. ಅದು ಅರ್ಧ ಕೋಟಿ ಜನರ ದ್ವೀಪರಾಷ್ಟ್ರ. ನಮ್ಮಲ್ಲಿ ಒಂದೇ ಕೋಣೆಯಲ್ಲಿ ಆರೇಳು ಮಂದಿ ಮಲಗುವ ಮನೆಗಳಿವೆ. ದಿನಗೂಲಿ ನಿಂತರೆ ಒಲೆ ಉರಿಯದ ಮನೆಗಳಿವೆ. ಅಲ್ಲಿ ಲಾಕ್‌ಡೌನ್‌ಗೆ ಎರಡು ದಿನ ಮೊದಲೇ ಸೂಚನೆ ಇತ್ತು, ಇಲ್ಲಿ ಸಿಕ್ಕಿದ್ದು ನಾಲ್ಕು ಗಂಟೆ. ವಲಸೆ ಕಾರ್ಮಿಕರು ಹೆದ್ದಾರಿಯಲ್ಲಿ ನಡೆದದ್ದು ಬಿಗಿತದ ಅಂಕದಲ್ಲಿ ಕಾಣುವುದಿಲ್ಲ. ಸೂಚ್ಯಂಕ ಹೇಳುವುದು ಸರ್ಕಾರದ ಆದೇಶ ಎಷ್ಟು ಕಠಿಣವಾಗಿತ್ತು ಎಂದು. ಅದು ಎಷ್ಟು ಜಾರಿಯಾಯಿತು, ಎಷ್ಟು ಜೀವ ಉಳಿಸಿತು ಎಂದಲ್ಲ.

ಹೋಲಿಸುವಾಗ ಇವನ್ನು ಕೇಳಿ

* ಯಾವಾಗ? ಸೌದಿ ಅರೇಬಿಯಾ ವಿದೇಶಿಯರ ಉಮ್ರಾವನ್ನು 2020ರ ಫೆಬ್ರವರಿ 27ರಂದೇ ನಿಲ್ಲಿಸಿತು; ಅಲ್ಲಿ ಮೊದಲ ಪ್ರಕರಣ ಪತ್ತೆಯಾದದ್ದು ಮಾರ್ಚ್ 2ರಂದು. ಬಿಗಿತದಷ್ಟೇ ಮುಖ್ಯವಾದುದು ಸಮಯ.

* ಸಲಹೆಯೇ, ಕಡ್ಡಾಯವೇ? ಇಡೀ ರಾಜ್ಯಕ್ಕೋ, ನಿಮ್ಮ ವಾರ್ಡಿಗಷ್ಟೋ? ಎಂದಿನವರೆಗೆ?

* ಜೊತೆಗೆ ಏನು ಕೊಟ್ಟರು? ಆಕ್ಸ್‌ಫರ್ಡ್ ತಂಡ ಆದಾಯದ ನೆರವು, ಸಾಲದ ವಿನಾಯಿತಿಗಳನ್ನು ಬೇರೆಯಾಗಿ ದಾಖಲಿಸಿದೆ. ನಮ್ಮಲ್ಲಿ 2020ರ ಏಪ್ರಿಲ್‌ನಿಂದ ಪಡಿತರ ಚೀಟಿಯ ಪ್ರತಿ ಸದಸ್ಯರಿಗೆ ತಿಂಗಳಿಗೆ 5 ಕೆಜಿ ಉಚಿತ ಧಾನ್ಯ ಬಂತು. "ಮನೆಯಲ್ಲೇ ಇರಿ" ಎಂಬ ಆದೇಶ ಪಾಲಿಸಲು ಮನೆಯಲ್ಲಿ ಅಕ್ಕಿ ಇರಬೇಕು.

ಮುಂದೆ ಇಂತಹ ದಿನ ಬಂದರೆ, "ಅಲ್ಲಿ ತೆರೆದಿದೆ, ಇಲ್ಲಿ ಮುಚ್ಚಿದೆ" ಎಂಬ ಸಂದೇಶವನ್ನು ಫಾರ್ವರ್ಡ್ ಮಾಡುವ ಮುನ್ನ ಈ ಪ್ರಶ್ನೆಗಳನ್ನು ಕೇಳಿಕೊಳ್ಳಿ. ಅಧಿಕೃತ ಆದೇಶದ ದಿನಾಂಕ ನೋಡಿ ಮನೆಮಂದಿಗೆ ಓದಿ ಹೇಳಿ. ಬಿಗಿತವನ್ನು ಮಾತ್ರ ನೋಡಬೇಡಿ. ನೆರೆಮನೆಯ ಒಲೆ ಉರಿಯುತ್ತಿದೆಯೇ ಎಂದೂ ನೋಡಿ. ಆ ಲೆಕ್ಕ ಇಡಬೇಕಾದವರು ನಾವೇ.