ಪರಿವರ್ತಿತ ವಿದ್ಯುತ್ ಸೈಕಲ್: ಅಗ್ಗದ ತಂತಿ, ದುಬಾರಿ ಹೊಣೆ

ಸಾಮಾನ್ಯ ಸೈಕಲ್ಲಿಗೆ ಮೋಟಾರು, ಬ್ಯಾಟರಿ ಹಾಗೂ ಕಂಟ್ರೋಲರ್ ಜೋಡಿಸಿ ವಿದ್ಯುತ್ ಸೈಕಲ್ಲಾಗಿ ಪರಿವರ್ತಿಸುವುದು ಅಲ್ಪ ಬಂಡವಾಳದಲ್ಲಿ ಆರಂಭಿಸಬಹುದಾದ ಉದ್ಯೋಗ. ತುಮಕೂರಿನ ಅಂತರಸನಹಳ್ಳಿ, ಹಿರೇಹಳ್ಳಿ ಕೈಗಾರಿಕಾ ಪ್ರದೇಶಗಳ ಸಣ್ಣ ಘಟಕಗಳಿಗಾಗಲೀ, ಗುಬ್ಬಿ ಹಾಗೂ ಕುಣಿಗಲ್ ಪಟ್ಟಣಗಳ ಸೈಕಲ್ ವರ್ತಕರಿಗಾಗಲೀ ಇದು ಎಟುಕದ ಕಾರ್ಯವಲ್ಲ. ಆದರೆ ಈ ಕಾರ್ಯದಲ್ಲಿ ಅತಿ ಕಡಿಮೆ ಬೆಲೆಯ ವಸ್ತುವೇ ಅತಿ ದೊಡ್ಡ ಹೊಣೆಯನ್ನು ತಂದೊಡ್ಡಬಲ್ಲದು. ಅದೇ ಹ್ಯಾಂಡಲಿನಿಂದ ಕಂಟ್ರೋಲರಿನವರೆಗೆ ಸಾಗುವ ನಿಯಂತ್ರಣ ತಂತಿ.

ವಿಸ್ತರಣೆ ಏಕೆ?

ಕಿಟ್‌ನೊಡನೆ ಬರುವ ತಂತಿಗಳ ಉದ್ದ ನಿಗದಿತ. ಸರಕು ಹೊರುವ ಅನುಕೂಲಕ್ಕಾಗಿ ಕಂಟ್ರೋಲರನ್ನು ಹಿಂದಿನ ಕ್ಯಾರಿಯರಿನ ಕೆಳಗಿಟ್ಟರೆ ತಂತಿ ಸಾಲುವುದಿಲ್ಲ. ಆಗ ತಂತಿಯನ್ನು ಹೊಸೆದು ಟೇಪು ಸುತ್ತುವುದೇ ರೂಢಿ. ಕಂಟ್ರೋಲರನ್ನು ಹಿಂಚಕ್ರದ ಮೋಟಾರಿನ ಬಳಿ ಇಡುವುದೇನೋ ಸರಿಯೇ. ದಪ್ಪ ತಂತಿಗಳು ಗಿಡ್ಡವಾಗಿ, ತೆಳು ತಂತಿಗಳು ಮಾತ್ರ ಉದ್ದವಾಗುತ್ತವೆ. ತಪ್ಪಿರುವುದು ಜೋಡಿಸುವ ಕ್ರಮದಲ್ಲಿ.

ಇದರ ಲೆಕ್ಕಾಚಾರ ಸರಳ. 36 ವೋಲ್ಟ್ ಬ್ಯಾಟರಿಯಿಂದ ಏರಿನಲ್ಲಿ 15 ಆಂಪಿಯರ್ ಹರಿಯುತ್ತದೆ ಎನ್ನೋಣ. 1 ಚದರ ಮಿ.ಮೀ. ತಾಮ್ರದ ತಂತಿಯನ್ನು ಒಂದು ಮೀಟರ್ ಹೆಚ್ಚಿಸಿದರೆ, ಹೋಗಿಬರುವ ಎರಡು ಮೀಟರಿನಲ್ಲಿ ಸುಮಾರು 0.6 ವೋಲ್ಟ್ ನಷ್ಟವಾಗಿ 9 ವಾಟ್ ಶಾಖವಾಗುತ್ತದೆ, 2.5 ಚದರ ಮಿ.ಮೀ. ತಂತಿಯಾದರೆ ಆ ಶಾಖ 4 ವಾಟ್‌ಗಿಂತ ಕಡಿಮೆ. ಥ್ರಾಟಲ್ ತಂತಿಯಲ್ಲಿ ಹರಿಯುವುದು ಕೆಲವೇ ಮಿಲಿಆಂಪಿಯರ್. ಅಷ್ಟೇ ಉದ್ದಕ್ಕೆ ನಷ್ಟ ಒಂದೆರಡು ಮಿಲಿವೋಲ್ಟ್ ಮಾತ್ರ. ಆದ್ದರಿಂದ ಬ್ಯಾಟರಿ ತಂತಿಗೆ ಗಾತ್ರ ಮುಖ್ಯ, ನಿಯಂತ್ರಣ ತಂತಿಗೆ ಜೋಡಣೆಯ ಗುಣಮಟ್ಟ ಮುಖ್ಯ.

ಎಲ್ಲಿದೆ ಅಪಾಯ?

ಸಾಮಾನ್ಯ ಥ್ರಾಟಲಿಗೆ ಮೂರು ತಂತಿಗಳಿರುತ್ತವೆ: 5 ವೋಲ್ಟ್ ಪೂರೈಕೆ, ಸಂಕೇತ ಹಾಗೂ ಗ್ರೌಂಡ್. ಗ್ರೌಂಡ್ ತಂತಿ ಕಡಿದರೆ ಸಂಕೇತದ ವೋಲ್ಟೇಜು 5ರತ್ತ ಏರಬಹುದು. ಇದನ್ನು ದೋಷವೆಂದು ಗುರುತಿಸದ ಅಗ್ಗದ ಕಂಟ್ರೋಲರ್, ಪೂರ್ಣ ವೇಗದ ಆಜ್ಞೆಯೆಂದೇ ಪರಿಗಣಿಸುತ್ತದೆ. ಬ್ರೇಕ್ ಹಿಡಿದೊಡನೆ ಮೋಟಾರನ್ನು ನಿಲ್ಲಿಸುವ ಸ್ವಿಚ್ಚಿನ ತಂತಿಯೂ ಅನೇಕ ಕಿಟ್‌ಗಳಲ್ಲಿ ಕಡಿದರೆ ಯಾವ ಸೂಚನೆಯನ್ನೂ ನೀಡದು. ಇವೆರಡೂ ಒಟ್ಟಿಗೆ ಕೈಕೊಟ್ಟರೆ ಸವಾರನಿಗೆ ಉಳಿಯುವುದು ರಬ್ಬರ್ ಬ್ರೇಕುಗಳಷ್ಟೇ.

ಅನುಸರಿಸಬೇಕಾದ ಕ್ರಮ

1. ತಂತಿಗಳ ಬಣ್ಣ ಬದಲಿಸದೆ, ಎರಡೂ ತುದಿಗೆ ಪ್ಲಗ್ ಇರುವ ಸಿದ್ಧ ವಿಸ್ತರಣಾ ತಂತಿಯನ್ನೇ ಬಳಸುವುದು.

2. ಕೀಲು ಅನಿವಾರ್ಯವಾದರೆ ಕ್ರಿಂಪ್ ಅಥವಾ ಬೆಸುಗೆ ಮಾಡಿ ಹೀಟ್ ಶ್ರಿಂಕ್ ಕೊಳವೆ ಹಾಕುವುದು; ಕೀಲುಗಳು ಒಂದೇ ಜಾಗದಲ್ಲಿ ಬಾರದಂತೆ ಹಿಂದುಮುಂದಾಗಿಸುವುದು.

3. ಹ್ಯಾಂಡಲ್ ಪೂರ್ತಿ ತಿರುಗಿದರೂ ತಂತಿ ಎಳೆಯದಷ್ಟು ಸಡಿಲ ಬಿಡುವುದು. ಮೋಟಾರಿನ ದಪ್ಪ ತಂತಿಗಳಿಂದ ದೂರವಿರಿಸುವುದು.

4. ಚಕ್ರವನ್ನು ನೆಲದಿಂದ ಎತ್ತಿ, ಥ್ರಾಟಲ್ ಹಾಗೂ ಎರಡೂ ಬ್ರೇಕ್ ಸ್ವಿಚ್ಚುಗಳನ್ನು ಪರೀಕ್ಷಿಸಿ, ಫಲಿತಾಂಶವನ್ನು ಕೆಲಸದ ಚೀಟಿಯಲ್ಲಿ ದಾಖಲಿಸುವುದು.

ಕಾನೂನಿನ ಮಿತಿ

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ಪ್ರಕಾರ ಪೆಡಲ್ ನೆರವಿನ ಸೈಕಲ್ ಮೋಟಾರು ವಾಹನವೆನಿಸದಿರಲು ಮೋಟಾರಿನ ಮೂವತ್ತು ನಿಮಿಷದ ಶಕ್ತಿ 0.25 ಕಿಲೋವಾಟ್‌ಗಿಂತ ಕಡಿಮೆಯಿರಬೇಕು. ವೇಗ ಗಂಟೆಗೆ 25 ಕಿ.ಮೀ. ತಲುಪಿದೊಡನೆ ಮೋಟಾರಿನ ನೆರವು ನಿಲ್ಲಬೇಕು. ಇದನ್ನು ಅಧಿಕೃತ ಪರೀಕ್ಷಾ ಸಂಸ್ಥೆ ದೃಢೀಕರಿಸಿರಬೇಕು. ಕೆಲವು ಕಂಟ್ರೋಲರುಗಳಲ್ಲಿ ವೇಗಮಿತಿಗೆಂದೇ ಒಂದು ತಂತಿಯಿರುತ್ತದೆ. ಗ್ರಾಹಕರ ಒತ್ತಾಯಕ್ಕೆ ಅದನ್ನು ಬಿಚ್ಚಿಕೊಡುವ ವರ್ತಕರು ಆ ವಿನಾಯಿತಿಯನ್ನೇ ಕಳೆದಂತಾಗುತ್ತದೆ.

ಗ್ರಾಹಕ ಸಂರಕ್ಷಣಾ ಕಾಯ್ದೆ, 2019 ಬಿಡಿಭಾಗ ಜೋಡಿಸುವವರನ್ನೂ ಉತ್ಪಾದಕರ ವ್ಯಾಖ್ಯೆಯೊಳಗೆ ತರುತ್ತದೆ. ದೋಷಪೂರಿತ ಸೇವೆಯಿಂದಾದ ಹಾನಿಗೆ ಸೇವೆ ನೀಡಿದವರನ್ನೂ ಹೊಣೆಯಾಗಿಸುತ್ತದೆ. ಕೆಲಸದ ಚೀಟಿಯ ಬೆಲೆ ತಿಳಿಯುವುದು ಆಗಲೇ.

ವೆಚ್ಚಪಟ್ಟಿಯಲ್ಲಿ ಸ್ಥಾನ

ತಂತಿ ವಿಸ್ತರಣೆಯನ್ನು 'ಇತರೆ ಖರ್ಚು' ಎಂದು ಬದಿಗಿಡದೆ, ಸಾಮಗ್ರಿ, ಕೂಲಿ ಹಾಗೂ ಪರೀಕ್ಷಾ ಸಮಯ ಸೇರಿಸಿ ಪ್ರತ್ಯೇಕ ಬಾಬ್ತಾಗಿ ತೋರಿಸುವುದು ಲೇಸು. ತುಮಕೂರಿನಿಂದ ಗುಬ್ಬಿ ಸುಮಾರು 20 ಕಿ.ಮೀ., ಕುಣಿಗಲ್ ಸುಮಾರು 35 ಕಿ.ಮೀ. ಒಂದು ಕೀಲು ಸಡಿಲಗೊಂಡು ಮೆಕ್ಯಾನಿಕ್ ಅಷ್ಟು ದೂರ ಹೋಗಿಬಂದರೆ ಆ ಮಾರಾಟದ ಲಾಭಾಂಶ ಕರಗುತ್ತದೆ. ತಂತಿಗಳ ಉದ್ದ, ಬಣ್ಣ, ಪ್ಲಗ್‌ಗಳನ್ನು ಏಕರೂಪಗೊಳಿಸಿ, ಆಯಾ ಪಟ್ಟಣದ ಸೈಕಲ್ ಅಂಗಡಿಯಲ್ಲಿ ಒಂದೆರಡು ಸಿದ್ಧ ತಂತಿಗಳನ್ನು ದಾಸ್ತಾನಿರಿಸಿದರೆ ದುರಸ್ತಿ ಅಲ್ಲಿಯೇ ಮುಗಿಯುತ್ತದೆ. ತಂತಿಯಲ್ಲಿ ಉಳಿಸುವ ಹಣ ಉಳಿತಾಯವಲ್ಲ, ಮುಂದೆ ತೀರಿಸಬೇಕಾದ ಸಾಲವೆಂದು ಉದ್ದಿಮೆದಾರರು ಗಣಿಸುವುದು ಉಚಿತ.