ಲಿವರಿನ ಕ್ಯಾನ್ಸರ್ ಶ್ವಾಸಕೋಶಕ್ಕೇ ಏಕೆ ಹೋಗುತ್ತದೆ?

ತಿಕೋಟಾದ ನಮ್ಮ ಮಾಮು ದ್ರಾಕ್ಷಿ ಬೆಳೆಗಾರರು. ಕಳೆದ ವರ್ಷ ಒಣದ್ರಾಕ್ಷಿ ಶೆಡ್ಡಿನ ಕೆಲಸ ಜೋರಾಗಿ ನಡೆದಿದ್ದಾಗಲೇ ಅವರಿಗೆ ಹೊಟ್ಟೆಯ ಬಲಗಡೆ ನೋವು ಕಾಣಿಸಿಕೊಂಡಿತು. ಸ್ಕ್ಯಾನ್ ಮಾಡಿಸಿದರೆ ಲಿವರಿನಲ್ಲಿ ದೊಡ್ಡ ಗಡ್ಡೆ, ಎರಡೂ ಶ್ವಾಸಕೋಶಗಳಲ್ಲಿ ಸಣ್ಣ ಸಣ್ಣ ಚುಕ್ಕೆಗಳು. ಮನೆಯಲ್ಲಿ ಎಲ್ಲರೂ ಎರಡು ಕ್ಯಾನ್ಸರ್ ಆಗಿವೆ ಎಂದೇ ತಿಳಿದರು. ನಾನಿ ನನ್ನ ಕಡೆ ತಿರುಗಿ, “ಬೀಡಿ ಸೈತ ಮುಟ್ಟದವಗ ಎದಿಗೂ ಹೆಂಗ ಬಂತು? ನೀ ಸೈನ್ಸ್ ಓದಾಕಿ ಅಲ್ಲ, ಹೇಳು” ಎಂದರು. ನನಗೆ ಹೇಳಲು ಬರಲಿಲ್ಲ. ನಮ್ಮ ದ್ವಿತೀಯ ಪಿಯುಸಿ ಪುಸ್ತಕದಲ್ಲಿ ಮೆಟಾಸ್ಟಾಸಿಸ್ ಬಗ್ಗೆ ಇರುವುದು ಎರಡು ಮೂರು ಸಾಲು ಮಾತ್ರ. ಜೀವಶಾಸ್ತ್ರದ ಮಿಸ್ ಅವರನ್ನು ಕೇಳಿ, ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲನೆಯದಾಗಿ, ಅವು ಎರಡು ಕ್ಯಾನ್ಸರ್ ಅಲ್ಲ. ಶ್ವಾಸಕೋಶದ ಚುಕ್ಕೆಯಿಂದ ಒಂದು ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಾಣುವುದು ಲಿವರಿನ ಜೀವಕೋಶಗಳೇ. ಊರು ಬಿಟ್ಟು ಬಂದರೂ ಅವುಗಳ ಗುರುತು ಬದಲಾಗುವುದಿಲ್ಲ. ಹಾಗಾಗಿ ಔಷಧಿಯೂ ಲಿವರಿನ ಕ್ಯಾನ್ಸರಿನದೇ. ಗಡ್ಡೆ ಕತ್ತರಿಸಿ ತೆಗೆದರೆ ಸಾಲದು, ರಕ್ತದ ಮೂಲಕ ಮೈಯೆಲ್ಲ ಸುತ್ತುವ ಮಾತ್ರೆ ಬೇಕು ಎಂದು ಡಾಕ್ಟರು ಹೇಳಿದ್ದರ ಅರ್ಥ ನನಗೆ ಆಗ ಹೊಳೆಯಿತು.

ಇನ್ನು ದಾರಿಯ ವಿಚಾರ. ಬಕ್ರೀದ್ ದಿನ ಎಲ್ಲಕ್ಕಿಂತ ಮೊದಲು ಒಲೆಗೇರುವ ಕಲೇಜಿಯನ್ನು ಕತ್ತರಿಸುವಾಗ ಗಮನಿಸಿದ್ದೀರಾ? ಒಳಗೆಲ್ಲ ಕೊಳವೆಗಳು. ಮನುಷ್ಯನ ಲಿವರಿನಲ್ಲಿ ನಿಮಿಷಕ್ಕೆ ಸುಮಾರು ಒಂದೂವರೆ ಲೀಟರ್ ರಕ್ತ ಹರಿಯುತ್ತದೆ. ಲಿವರಿನ ಕ್ಯಾನ್ಸರಿಗೆ ರಕ್ತನಾಳದ ಗೋಡೆ ಕೊರೆದು ಒಳಹೋಗುವ ಚಾಳಿ ಹೆಚ್ಚು. ಮೊದಲು ಅದು ಲಿವರಿನ ಒಳಗೇ ಪೋರ್ಟಲ್ ರಕ್ತನಾಳದ ಕವಲುಗಳಲ್ಲಿ ಹಬ್ಬುತ್ತದೆ. ಹೊರಗೆ ಹೊರಟರೆ ಹೆಪಾಟಿಕ್ ರಕ್ತನಾಳ, ಅಲ್ಲಿಂದ ಕೆಳಗಿನ ಮಹಾಅಭಿಧಮನಿ, ಹೃದಯದ ಬಲಭಾಗ, ನೇರ ಶ್ವಾಸಕೋಶ. ಪ್ರಥಮ ಪಿಯುಸಿಯಲ್ಲಿ ನಾವು ಬರೆದ ರಕ್ತ ಪರಿಚಲನೆಯ ಚಿತ್ರವನ್ನು ನೆನಪಿಸಿಕೊಳ್ಳಿ. ಶ್ವಾಸಕೋಶದ ಲೋಮನಾಳಗಳ ಅಗಲ 10 ಮೈಕ್ರೋಮೀಟರಿಗಿಂತ ಕಡಿಮೆ. ಕ್ಯಾನ್ಸರ್ ಜೀವಕೋಶ ಹೆಚ್ಚಾಗಿ ಅದಕ್ಕಿಂತ ದಪ್ಪ. ಬಂದದ್ದು ಅಲ್ಲೇ ಸಿಕ್ಕಿಕೊಳ್ಳುತ್ತದೆ.

ನಮ್ಮ ಊರಿನ ಹಳೆಯ ಗಂಜುಗಳನ್ನು ನೋಡಿದವರಿಗೆ ಇದು ಬೇಗ ಅರ್ಥವಾದೀತು. ಆದಿಲ್‌ಶಾಹಿ ಕಾಲದಲ್ಲಿ ತೊರವಿಯಿಂದಲೂ ಬೇಗಂ ತಲಾಬಿನಿಂದಲೂ ನೆಲದೊಳಗಿನ ಕೊಳವೆಗಳಲ್ಲಿ ಶಹರಕ್ಕೆ ನೀರು ಬರುತ್ತಿತ್ತು. ನಡುನಡುವೆ ಕಟ್ಟಿದ ಗಂಜುಗಳು ನೀರಿನ ಒತ್ತಡ ಇಳಿಸುತ್ತಿದ್ದವು, ಹೂಳು ಅವುಗಳ ತಳದಲ್ಲಿ ನಿಲ್ಲುತ್ತಿತ್ತು. ಲಿವರಿನಿಂದ ಹೊರಟ ರಕ್ತಕ್ಕೆ ಸಿಗುವ ಮೊದಲ ಗಂಜು ಶ್ವಾಸಕೋಶ. ಕರುಳಿನ ಕ್ಯಾನ್ಸರಿಗಾದರೆ ಮೊದಲ ಗಂಜು ಲಿವರೇ, ಏಕೆಂದರೆ ಕರುಳಿನ ರಕ್ತ ಪೋರ್ಟಲ್ ರಕ್ತನಾಳದಲ್ಲಿ ಮೊದಲು ಅಲ್ಲಿಗೆ ಬರುತ್ತದೆ.

ಇಷ್ಟಕ್ಕೇ ವಿಷಯ ಮುಗಿದಿದ್ದರೆ ಸುಲಭವಿತ್ತು. ಲಂಡನ್ನಿನ ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟ್ ಸ್ತನ ಕ್ಯಾನ್ಸರಿನಿಂದ ತೀರಿಕೊಂಡ 735 ಮಹಿಳೆಯರ ದಾಖಲೆಗಳನ್ನು ನೋಡಿ 1889ರಲ್ಲಿ ಒಂದು ಲೇಖನ ಬರೆದರು. 241 ಮಂದಿಯಲ್ಲಿ ಕ್ಯಾನ್ಸರ್ ಲಿವರಿಗೆ ಹಬ್ಬಿತ್ತು, ಗುಲ್ಮಕ್ಕೆ ಹಬ್ಬಿದ್ದು 17 ಮಂದಿಯಲ್ಲಿ ಮಾತ್ರ. ಗುಲ್ಮಕ್ಕೂ ದೊಡ್ಡ ರಕ್ತನಾಳವಿದೆ. ದಾರಿಯೊಂದೇ ಕಾರಣವಾಗಿದ್ದರೆ ಇಷ್ಟು ಅಂತರ ಬರಬಾರದಿತ್ತು. ಬೀಜ ಎಲ್ಲ ಕಡೆ ಬೀಳುತ್ತದೆ, ಒಗ್ಗುವ ಮಣ್ಣಿನಲ್ಲಿ ಮಾತ್ರ ಮೊಳೆಯುತ್ತದೆ ಎಂಬುದು ಪ್ಯಾಜೆಟ್ ಅವರ ವಾದ. ಇದನ್ನು ಕೇಳಿದ ಮಾಮು ನಕ್ಕುಬಿಟ್ಟರು. ತಿಕೋಟಾದ ಮಡ್ಡಿ ನೆಲದಲ್ಲಿ ಬರುವ ದ್ರಾಕ್ಷಿಯನ್ನು ಬಬಲೇಶ್ವರದ ಕಡೆ ಸಾರವಾಡದ ಡೋಣಿ ದಂಡೆಯ ಎರಿಯಲ್ಲಿ ಹಚ್ಚಿದರೆ ಬೇರು ಕೊಳೆಯುತ್ತದೆ, ಅಲ್ಲಿ ಬಿಳಿಜೋಳವೇ ಸರಿ, ಇದಕ್ಕೆ ಲಂಡನ್ನಿನವರು ಬೇಕಿತ್ತೇ ಎಂದರು.

ಆದರೆ ಪ್ರಯೋಗದಿಂದ ತೋರಿಸಲು ಬಹಳ ಕಾಲ ಹಿಡಿಯಿತು. 1980ರಲ್ಲಿ ಹಾರ್ಟ್ ಮತ್ತು ಫಿಡ್ಲರ್ ಎಂಬ ವಿಜ್ಞಾನಿಗಳು ಇಲಿಗಳ ತೊಡೆಯ ಸ್ನಾಯುವಿನಲ್ಲಿ ಶ್ವಾಸಕೋಶ, ಅಂಡಾಶಯ, ಮೂತ್ರಪಿಂಡಗಳ ಚೂರುಗಳನ್ನು ನೆಟ್ಟರು. ಆಮೇಲೆ ಮೆಲನೋಮ ಎಂಬ ಚರ್ಮದ ಕ್ಯಾನ್ಸರಿನ ಜೀವಕೋಶಗಳನ್ನು ರಕ್ತಕ್ಕೆ ಬಿಟ್ಟರು. ಶ್ವಾಸಕೋಶ ಮತ್ತು ಅಂಡಾಶಯದ ಚೂರುಗಳಲ್ಲಿ ಗಡ್ಡೆ ಬೆಳೆಯಿತು, ಮೂತ್ರಪಿಂಡದ ಚೂರಿನಲ್ಲಿ ಬೆಳೆಯಲಿಲ್ಲ. ಮೂರೂ ಇದ್ದದ್ದು ತೊಡೆಯಲ್ಲೇ! ನಾನು ಓದಿದ್ದರಲ್ಲೆಲ್ಲ ನನಗೆ ಬಹಳ ಹಿಡಿಸಿದ್ದು ಈ ಪ್ರಯೋಗ.

ಮಣ್ಣಿನ ಗುಣ ಎಂದರೆ ಏನು? ಒಂದು ಉದಾಹರಣೆ ಹೇಳುತ್ತೇನೆ. ಶ್ವಾಸಕೋಶ, ಮೂಳೆಮಜ್ಜೆ, ದುಗ್ಧಗ್ರಂಥಿಗಳು ಸಿಎಕ್ಸ್‌ಸಿಎಲ್12 ಎಂಬ ಪ್ರೋಟೀನನ್ನು ಹೆಚ್ಚಾಗಿ ಹೊರಬಿಡುತ್ತವೆ. ಅದನ್ನು ಹಿಡಿಯುವ ಗ್ರಾಹಕ ಲಿವರ್ ಸೇರಿ ಅನೇಕ ಕ್ಯಾನ್ಸರುಗಳ ಜೀವಕೋಶಗಳ ಮೈಮೇಲೆ ಇರುತ್ತದೆ. ವಾಸನೆ ಹಿಡಿದು ಬಂದ ಹಾಗೆ ಅವು ಅಲ್ಲಿ ನೆಲೆಯೂರುತ್ತವೆ. ಮೂಳೆ ಸವೆಯುವಾಗ ಹೊರಬರುವ ಬೆಳವಣಿಗೆಯ ಅಂಶಗಳು ಅವುಗಳಿಗೆ ಗೊಬ್ಬರ. ಆದರೂ ರಕ್ತಕ್ಕೆ ಬಿದ್ದ ಹತ್ತು ಸಾವಿರ ಕ್ಯಾನ್ಸರ್ ಜೀವಕೋಶಗಳಲ್ಲಿ ಒಂದು ಕೂಡ ಗಡ್ಡೆಯಾಗುವುದಿಲ್ಲ ಎಂದು ಅಂದಾಜು.

ಲಿವರಿನ ಕ್ಯಾನ್ಸರಿನಲ್ಲಿ ಎರಡೂ ಸೇರಿಕೊಂಡಿವೆ. 2000ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಲಿವರಿನ ಹೊರಗೆ ಕ್ಯಾನ್ಸರ್ ಹಬ್ಬಿದ್ದ 148 ಜನರಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ ಶ್ವಾಸಕೋಶದಲ್ಲಿ, ಕಾಲುಭಾಗಕ್ಕಿಂತ ಹೆಚ್ಚಿನವರಿಗೆ ಮೂಳೆಯಲ್ಲಿ ಅದು ಸಿಕ್ಕಿತ್ತು. ಶ್ವಾಸಕೋಶದ ಮಟ್ಟಿಗೆ ದಾರಿಯದೇ ದೊಡ್ಡ ಪಾಲು ಎಂದು ನನಗನಿಸುತ್ತದೆ. ಆದರೆ ಐದು ಗ್ರಾಮಿನಷ್ಟೇ ತೂಗುವ ಅಡ್ರಿನಲ್ ಗ್ರಂಥಿಯಲ್ಲಿ ಆಗಾಗ ಸಿಗುವ ಈ ಕ್ಯಾನ್ಸರ್, ಮೈತುಂಬ ಇರುವ ಸ್ನಾಯುಗಳಲ್ಲಿ ಅಪರೂಪ. ಅದನ್ನು ಮಣ್ಣಿನ ಗುಣವಿಲ್ಲದೆ ವಿವರಿಸಲಾಗದು.

ಇದನ್ನೆಲ್ಲ ನಾನಿಗೆ ಹೇಳಿದೆ. ಅವರಿಗೆ ಸಮಾಧಾನವಾದದ್ದು ಬೇರೆ ಒಂದು ಮಾತಿನಿಂದ. ಲಿವರ್ ಕೆಟ್ಟಿದೆ ಎಂದ ಕೂಡಲೇ ಓಣಿಯಲ್ಲಿ ಕೆಲವರು “ಕದ್ದು ಕುಡೀತಿದ್ದನೇನೋ” ಎಂದು ಆಡಿಕೊಂಡಿದ್ದರು. ಮಾಮುವಿನ ರಕ್ತದಲ್ಲಿ ಸಿಕ್ಕಿದ್ದು ಹೆಪಟೈಟಿಸ್ ಬಿ ವೈರಸ್, ಬಹುಶಃ ಬಹಳ ವರ್ಷಗಳಿಂದ ಇದ್ದದ್ದು. ಲಿವರಿನ ಕ್ಯಾನ್ಸರಿಗೆ ಪ್ರಪಂಚದಲ್ಲೇ ಅದು ದೊಡ್ಡ ಕಾರಣ. ಬೂಜು ಹಿಡಿದ ಶೇಂಗಾ, ಗೋವಿನಜೋಳದಲ್ಲಿ ಹುಟ್ಟುವ ಅಫ್ಲಾಟಾಕ್ಸಿನ್ ಜೊತೆಗೂಡಿದರೆ ಅಪಾಯ ಇನ್ನೂ ಹೆಚ್ಚು. ಈ ವೈರಸ್ ಹರಡುವುದು ರಕ್ತ, ಸೂಜಿ, ಬ್ಲೇಡು, ಲೈಂಗಿಕ ಸಂಪರ್ಕದಿಂದ, ಹೆರಿಗೆಯಲ್ಲಿ ತಾಯಿಯಿಂದ ಮಗುವಿಗೆ; ಒಂದೇ ತಾಟಿನಲ್ಲಿ ಉಂಡರೆ ಹರಡುವುದಿಲ್ಲ. ಮಾಮಿ ಬೇರೆ ಇಟ್ಟಿದ್ದ ತಾಟನ್ನು ಅಂದೇ ಒಳಗೆ ತಂದರು.

ಮನೆಯವರೆಲ್ಲರ ರಕ್ತ ಪರೀಕ್ಷೆ ಮಾಡಿಸಿ ಎಂದು ಡಾಕ್ಟರು ಹೇಳಿದರು. ಇದರ ಲಸಿಕೆ ದೇಶದ ಎಲ್ಲ ಕಡೆ ಸರ್ಕಾರಿ ಕಾರ್ಯಕ್ರಮಕ್ಕೆ ಸೇರಿದ್ದು 2011ರಲ್ಲಿ. ನಾನೂ ನನ್ನ ಮಾಮುವಿನ ಮಕ್ಕಳೂ ಅದಕ್ಕಿಂತ ಮೊದಲೇ ಹುಟ್ಟಿದವರು. ನಮ್ಮ ಕಾರ್ಡಿನಲ್ಲಿ ಅದರ ಗುರುತು ಇರಲಿಲ್ಲ. ಪರೀಕ್ಷೆಯಲ್ಲಿ ನಮಗ್ಯಾರಿಗೂ ವೈರಸ್ ಸಿಗಲಿಲ್ಲ. ಮೂರು ಚುಚ್ಚುಮದ್ದುಗಳಲ್ಲಿ ಎರಡು ಮುಗಿದಿವೆ. ಮೊದಲನೆಯದಾಗಿ ಆರು ತಿಂಗಳಿಗೆ ಮೂರನೆಯದು.